ಪುಟ್ಟಮ್ಮಜ್ಜಿಯ ಅರ್ಜಿ

ಆ ದಿನಗಳಲ್ಲಿ ಒಬ್ಬೊಬ್ಬ ಉಮೇದುವಾರರಿಗೂ ಬೇರೆ ಬೇರೆ ಮತಪೆಟ್ಟಿಗೆ. ಮೇಲೆ ಅವರವರ ಗುರುತು. ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಅದು ಮೊದಲ ಚುನಾವಣೆ. ನನಗೆ ಹತ್ತು ವರ್ಷವಿರಬೇಕು, ಒಂಬತ್ತೂ ಇರಬಹುದು.

ಪಕ್ಕದ ಮನೆಯ ಪುಟ್ಟಮ್ಮಜ್ಜಿ ಹುರಿಗಾಳು ಮಾರಿ ಬದುಕುತ್ತಿದ್ದರು. ಒಂದು ಕಾಲು ಸೊಟ್ಟ. ನೀರಿಗೆ ದೂರದ ಬಾವಿಗೆ ಹೋಗಬೇಕು. ಕೊಡ ಹೊತ್ತು ಎರಡು ಸಲ ಬಿದ್ದಿದ್ದರು. ಪ್ರಚಾರಕ್ಕೆ ಬಂದ ಉಮೇದುವಾರರೊಬ್ಬರು ಅವರ ಜಗಲಿಯಲ್ಲಿ ಕೂತು, ಕಾಳು ತಿಂದು, "ಏನೇ ಕಷ್ಟ ಇದ್ದರೂ ನನಗೆ ತಿಳಿಸಿ ತಾಯಿ" ಎಂದು ಕೈಮುಗಿದು ಹೋಗಿದ್ದರು.

ಮತದಾನದ ಹಿಂದಿನ ಸಂಜೆ ನಾನು ಕುಂಟೆಬಿಲ್ಲೆ ಆಡುತ್ತಿದ್ದೆ. ಅಜ್ಜಿ ಕರೆದರು.

"ಬಾರವ್ವ ಇಲ್ಲಿ, ಒಂದು ಅರ್ಜಿ ಬರ್ಕೊಡು. ನಾಳೆ ಅವ್ರ ಪೆಟ್ಟಿಗೆಗೇ ಹಾಕ್ಬುಡ್ತೀನಿ. ಟಪಾಲಿಗಿಂತ ಬೇಗ ಸೇರ್ತದೆ."

"ಅದು ವೋಟಿನ ಪೆಟ್ಟಿಗೆ ಕಣಜ್ಜಿ."

"ಅವ್ರದೇ ತಾನೆ? ಬರಿ ಸುಮ್ಕೆ."

ಬೀದಿಗೊಂದು ನಲ್ಲಿ ಬೇಕು, ಕಾಲು ಸರಿಯಿಲ್ಲ ಎಂದು ಬರೆದೆ. ಕೂಲಿಗೆ ಎರಡು ಹಿಡಿ ಬಿಸಿ ಹುರಿಗಾಳು. ಕಾಗದಕ್ಕೂ ಕಾಳು ಹುರಿಯುವ ಕಾದ ಮರಳಿನ ವಾಸನೆ ಹತ್ತಿತ್ತು.

ಆ ಉಮೇದುವಾರರೇ ಗೆದ್ದರು. ಸನ್ಮಾನ ಸಭೆಯಲ್ಲಿ ಕೊರಳ ತುಂಬ ಹಾರ ಹಾಕಿಕೊಂಡು ಹೇಳಿದರು: "ಎಣಿಸೋವಾಗ ನನ್ನ ಪೆಟ್ಟಿಗೇಲಿ ಏನು ಸಿಕ್ತು ಗೊತ್ತೇನ್ರೀ? ನಲ್ಲಿ ಬೇಕು ಅಂತ ಅರ್ಜಿ! ಎಂಥ ಮುಗ್ಧರಪ್ಪ ನಮ್ಮ ಜನ!"

ಸಭೆಯೆಲ್ಲ ನಕ್ಕಿತು. ಪುಟ್ಟಮ್ಮಜ್ಜಿ ಎದ್ದು ನಿಂತರು. ಮುಖ ಅರಳಿತ್ತು.

"ಅದು ನಂದೇ ಸ್ವಾಮಿ! ತಲುಪ್ತಲ್ಲ, ಸದ್ಯ. ಯಾವಾಗ ಹಾಕಿಸ್ತೀರಿ?"

ನಗು ಇನ್ನೂ ಜೋರಾಯಿತು. ಅವರು ಅಜ್ಜಿಯತ್ತ ಕೈಮುಗಿದು ಮುಂದಿನ ಮಾತಿಗೆ ಹೋದರು.

ನಾನೂ ನಕ್ಕೆನೆ? ನಗಲಿಲ್ಲ ಎಂದು ಬರೆಯಲು ಆಸೆ. ಆದರೆ ಆ ಅಕ್ಷರ ನನ್ನದೆಂದು ಯಾರಿಗೂ ತಿಳಿಯದಿರಲೆಂದು ಅಪ್ಪನ ಬೆನ್ನ ಹಿಂದೆ ಸರಿದದ್ದು ಚೆನ್ನಾಗಿ ನೆನಪಿದೆ.

ಮರುದಿನದಿಂದ ಅಜ್ಜಿ ಬೀದಿಯ ತುದಿಯಲ್ಲಿ, ನಲ್ಲಿ ಬರುತ್ತದೆಂದು, ಕಲ್ಲು ಆಯ್ದು ಜಾಗ ಗುಡಿಸಿಡತೊಡಗಿದರು. ಮುಂದಿನ ಚುನಾವಣೆಗೆ ಮೊದಲೇ ತೀರಿಕೊಂಡರು. ನಲ್ಲಿ ಬಂದಿರಲಿಲ್ಲ.

ಮುಂದೆ ನಾನು ರಾಜ್ಯಶಾಸ್ತ್ರ ಓದಿದೆ. ಜನಪ್ರತಿನಿಧಿಯ ಕರ್ತವ್ಯಗಳ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದೆ. ಕಷ್ಟ ಹೇಳಿಕೊಂಡವರನ್ನು ನಗೆಪಾಟಲು ಮಾಡಬಾರದು ಎಂಬ ಒಂದು ವಾಕ್ಯ ಅದರಲ್ಲಿ ಎಲ್ಲೂ ಇರಲಿಲ್ಲ.

ಈಗಲೂ ಪ್ರತಿ ಸಲ ವೋಟು ಹಾಕಿ ಬರುತ್ತೇನೆ. ಏನನ್ನೂ ಎದುರುನೋಡುವುದಿಲ್ಲ. ನನಗೆ ಗೊತ್ತಿರುವವರು ಯಾರೂ ಎದುರುನೋಡುವುದಿಲ್ಲ. ನಂಬುವವರೇ ಇಲ್ಲದ ಮೇಲೆ, ಮಾತು ತಪ್ಪಿದಿರಿ ಎಂದು ಗೆದ್ದವರನ್ನು ಕೇಳುವವರಾದರೂ ಯಾರು?