ಎರಡನೇ ಪಟ್ಟೆ ಅಳಿಸುವ ವರ್ನೆಲ್

ಬೆಳಗಿನ ಏಳು ಗಂಟೆ. ಅಕ್ಟೋಬರಿನಲ್ಲಿ ನಮ್ಮ ಟಾಲಿವರ್‌ನಲ್ಲಿ ಈ ಹೊತ್ತಿಗೆ ಇನ್ನೂ ಬೆಳಕು ಪೂರ್ತಿ ಹರಿದಿರುವುದಿಲ್ಲ. ಹ್ಯಾಚರ್ ಬೆಟ್ಟದ ಕಾಲುದಾರಿಯಲ್ಲಿ, ಒಂದು ಓಕ್ ಮರದ ಮುಂದೆ, ವರ್ನೆಲ್ ಪ್ರೂಯಿಟ್ ಹಣೆಗೆ ದೀಪ ಕಟ್ಟಿಕೊಂಡು ನಿಂತಿದ್ದಾರೆ. ಸೊಂಟದಲ್ಲಿ ಬಣ್ಣದ ಡಬ್ಬಿ, ಕೈಯಲ್ಲಿ ಒಂದಿಂಚು ಅಗಲದ ಕುಂಚ. ಮರದ ಮೇಲೆ ಒಂದರ ಮೇಲೊಂದು ಎರಡು ನೀಲಿ ಪಟ್ಟೆಗಳಿವೆ. ವರ್ನೆಲ್ ಮೇಲಿನದನ್ನು ಮುಟ್ಟುವುದಿಲ್ಲ. ಕೆಳಗಿನದಕ್ಕೆ ತೊಗಟೆಯ ಬಣ್ಣ ಬಳಿದು, ಬೆರಳಲ್ಲಿ ಅಲ್ಲಲ್ಲಿ ಒತ್ತಿ, ತೊಗಟೆಯಲ್ಲೇ ಸೇರಿಸಿಬಿಡುತ್ತಾರೆ.

ನಂತರ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಾರೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನೋಡುತ್ತಾರೆ. ಆಮೇಲೆ ನೋಯುವ ಮಂಡಿಯನ್ನು ಬೈದುಕೊಳ್ಳುತ್ತ ನೆಲಕ್ಕೂರಿ, ಐದು ವರ್ಷದ ಮಗುವಿನ ಎತ್ತರದಿಂದ ಇನ್ನೊಮ್ಮೆ ನೋಡುತ್ತಾರೆ. "ಕನ್ನಡಕ ಇಲ್ದೆ ನಂಗೆ ಕಂಡ್ರೆ ಎಲ್ರಿಗೂ ಕಾಣುತ್ತೆ. ಚಿಕ್ಕ ಮಕ್ಕಳಿಗೂ ಕಾಣ್ಬೇಕಲ್ಲ, ದಾರಿ ಅವರ್ದೂ ತಾನೇ," ಎನ್ನುತ್ತಾರೆ.

ಈ ಕೆಲಸ ಮಾಡಿ ಎಂದು ಯಾರೂ ಅವರಿಗೆ ಹೇಳಿಲ್ಲ. ಮಾಡಬೇಡಿ ಎಂದು ಹೇಳಿದ್ದಾರೆ, ಅದೂ ಬರವಣಿಗೆಯಲ್ಲಿ. ಸಿಕ್ಕಿಬಿದ್ದರೆ ಇಪ್ಪತ್ತೊಂದು ವರ್ಷದ ಕೆಲಸ ಅವತ್ತೇ ಹೋಗುತ್ತದೆ.

ಊರಿಗೆಲ್ಲ ಇವರು ಮಿಸ್ ವರ್ನೆಲ್. ವಯಸ್ಸು ಐವತ್ತೆಂಟು. ಹ್ಯಾಚರ್ ಬೆಟ್ಟದ ಉದ್ಯಾನವನದಲ್ಲಿ ನಿರ್ವಹಣಾ ಕೆಲಸಗಾರ್ತಿ. ಒಂಬತ್ತಕ್ಕೆ ಸರಿಯಾಗಿ ಜಲಪಾತದ ಬಳಿಯ ಹನ್ನೆರಡು ಶೌಚಾಲಯ ತೊಳೆಯಬೇಕು, ನಲವತ್ತು ಕಸದ ತೊಟ್ಟಿ ಖಾಲಿ ಮಾಡಬೇಕು. ಶನಿವಾರವಾದರೆ ಪಿಟೀಲು ಚಾವಡಿ ಗುಡಿಸಿ, ಬ್ಯಾಂಜೋ ನುಡಿಸಲು ಬರುವ ಮುದುಕರಿಗೆ ಕುರ್ಚಿ ಹಾಕಬೇಕು. ದಾರಿಯ ಗುರುತು ಅವರ ನೇಮಕಾತಿ ಪತ್ರದ ಕೊನೆಯ ಸಾಲಿನಲ್ಲಿದೆ. ಆ ಕೊನೆಯ ಸಾಲಿಗಾಗಿಯೇ ಅವರು ಬದುಕಿದ್ದಾರೆ ಎಂದರೆ ತಪ್ಪಿಲ್ಲ.

ಆರು ಮೈಲಿ ಸುತ್ತು, ನಾನೂರ ಹನ್ನೆರಡು ಮರ. ಪ್ರತಿ ಮರದ ಎರಡೂ ಬದಿಗೆ ಗುರುತು, ಹೋಗುವವರಿಗೊಂದು, ಬರುವವರಿಗೊಂದು. ಒಂದು ಗುರುತಿನ ಬಳಿ ನಿಂತರೆ ಮುಂದಿನದು ಕಾಣಬೇಕು. ಇಷ್ಟೂ ಮರಗಳಿಗೆ ಮನಸ್ಸಿನಲ್ಲೇ ನಂಬರು ಇಟ್ಟುಕೊಂಡಿದ್ದಾರೆ. ಯಾವ ಮರದಲ್ಲಿ ಕಣಜ ಗೂಡು ಕಟ್ಟಿದೆ, ಯಾವುದು ಇನ್ನೆರಡು ಚಳಿಗಾಲ ತಾಳುವುದಿಲ್ಲ ಎಂದು ನಿಂತಲ್ಲೇ ಹೇಳುತ್ತಾರೆ. ಈ ಕೆಲಸದಲ್ಲೇ ಎರಡು ಸಲ ಕೈ ಮುರಿದುಕೊಂಡಿದ್ದಾರೆ.

ಬಣ್ಣದ ಪಟ್ಟೆಯ ಪಾಠ ಕಲಿಸಿದ್ದು ಅಪ್ಪ, ಮರದ ಮಿಲ್ಲಿನ ಕೂಲಿ ಡ್ಯೂಯಿ ಪ್ರೂಯಿಟ್. "ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ. ಊರೊಳಗೆ ಬೀದಿ ಹೆಸರು ಕೇಳಕ್ಕೆ ನಾಚ್ಕೊಂಡು ಎಲ್ಲೆಲ್ಲೋ ಸುತ್ತೋನು. ಬೆಟ್ಟದಲ್ಲಿ ಮಾತ್ರ ಒಂದಿನಾನೂ ದಾರಿ ತಪ್ಲಿಲ್ಲ," ಎಂದು ನೆನೆಯುತ್ತಾರೆ. ಒಂದು ಪಟ್ಟೆ ಕಂಡರೆ ನೇರ ನಡೆ. ಒಂದರ ಮೇಲೊಂದು ಎರಡು ಕಂಡರೆ ನಿಲ್ಲು, ದಾರಿ ತಿರುಗುತ್ತದೆ. ಈ ದೇಶದಲ್ಲಿ ಬೆಟ್ಟ ಹತ್ತುವ ಯಾರನ್ನು ಕೇಳಿದರೂ ಇಷ್ಟು ಗೊತ್ತು.

ಗೊತ್ತಿಲ್ಲದವರು ನಮ್ಮ ಪ್ರವಾಸೋದ್ಯಮ ಸಮಿತಿಯವರು. ಈ ವಸಂತದಲ್ಲಿ ಯಾವುದೋ ಪತ್ರಿಕೆ ನೋಡಲೇಬೇಕಾದ ನಡುಗಾತ್ರದ ಊರುಗಳ ಪಟ್ಟಿಯಲ್ಲಿ ಟಾಲಿವರ್ ಹೆಸರು ಹಾಕಿತು ನೋಡಿ, ಸಮಿತಿಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜಲಪಾತ, ಪಿಟೀಲು ಚಾವಡಿ, ಹಳೆಯ ರೈಲು ನಿಲ್ದಾಣದ ವಸ್ತುಸಂಗ್ರಹಾಲಯ, ಎಲ್ಲಕ್ಕೂ ಹೊಸ ಲಾಂಛನ ಬಂತು. ನಮ್ಮ ಎರಡು ನದಿಗಳ ಗುರುತಾಗಿ ಎರಡು ನೀಲಿ ಪಟ್ಟೆ. ಕಾಫಿ ಲೋಟದ ಮೇಲೆ ಹಾಕಿದರು, ಬಸ್ಸಿನ ಮೇಲೆ ಹಾಕಿದರು, ಯಾರೂ ಬೇಡವೆನ್ನಲಿಲ್ಲ. ಕೊನೆಗೆ ಹ್ಯಾಚರ್ ಬೆಟ್ಟಕ್ಕೆ ಕೂಲಿಯವರನ್ನು ಕಳಿಸಿ, ನಾನೂರ ಹನ್ನೆರಡು ಮರದ ಬಿಳಿ ಪಟ್ಟೆ ಕೆರೆಸಿ, ಅಲ್ಲೂ ಎರಡೆರಡು ಬಳಿಸಿದರು. ಈಗ ಪ್ರತಿ ಮರವೂ ತಿರುಗು ತಿರುಗು ಅನ್ನುತ್ತಿದೆ. ಎಲ್ಲಿಗೆ ತಿರುಗುವುದು? ಕಣಿವೆಗೆ?

ವರ್ನೆಲ್ ಸುಮ್ಮನಿರಲಿಲ್ಲ. ನಗರಸಭೆಯಲ್ಲಿ ಸಾರ್ವಜನಿಕರಿಗೆ ಕೊಡುವ ಮೂರು ನಿಮಿಷಕ್ಕೆ ಹೆಸರು ಬರೆಸಿ, ಕೆಲಸದ ಬೂಟಿನಲ್ಲೇ ಮೈಕಿನ ಮುಂದೆ ನಿಂತರು. ಎರಡು ಪಟ್ಟೆಯ ಅರ್ಥ ಹೇಳಿದರು. ಮುನ್ನೂರ ಹನ್ನೊಂದನೇ ಮರದ ಎಡಕ್ಕೆ, ಹಿಂದೆ ದಿಮ್ಮಿ ಎಳೆಯುತ್ತಿದ್ದ ಹಳೆಯ ಜಾಡು ಇದೆ, ನೋಡಿದರೆ ದಾರಿಯಂತೆಯೇ ಕಾಣುತ್ತದೆ, ಗುರುತಿನ ಅರ್ಥ ತಿಳಿದವರು ಅಲ್ಲೇ ತಿರುಗಿ ಹೋಗಿ ಬೀಳುತ್ತಾರೆ ಎಂದೂ ಹೇಳಿದರು. ಸಮಿತಿಯ ಅಧ್ಯಕ್ಷ ಟ್ರೆಂಟ್ ವೈಲಿ ನಕ್ಕು, "ಈಗ ಎಲ್ರ ಕೈಯಲ್ಲೂ ಫೋನ್ ಇದೆ ಮಿಸ್ ವರ್ನೆಲ್," ಅಂದ. ಬೆಟ್ಟದ ಆ ಮಗ್ಗುಲಲ್ಲಿ ಫೋನ್ ಸತ್ತು ಬಿದ್ದಿರುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಆ ಸಭೆಯಲ್ಲಿ ವರದಿಗೆಂದು ನಾನೂ ಇದ್ದೆ, ಟಿಪ್ಪಣಿ ಬರೆದುಕೊಂಡು ಮನೆಗೆ ಹೋದೆ. ಆ ವಾರ ನಮ್ಮ ಪತ್ರಿಕೆಯಲ್ಲಿ ಬಂದದ್ದು ಹೊಸ ಲಾಂಛನದ ಬಣ್ಣದ ಚಿತ್ರ. ನೆನೆಸಿಕೊಂಡರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ಸೆಪ್ಟೆಂಬರಿನ ಎರಡನೇ ಶನಿವಾರ ಒಹಾಯೋದಿಂದ ಆರ್ಲೋ ಕ್ರೌಸ್ ಮತ್ತು ಹೆಂಡತಿ ಜೋಯೆಟಾ ಬಂದರು. ಎಪ್ಪತ್ತು ದಾಟಿದ ಜೋಡಿ, ನಲವತ್ತು ವರ್ಷದಿಂದ ಬೆಟ್ಟ ಸುತ್ತಿದವರು. ಮೊದಲ ಮರಗಳಲ್ಲೇ ಗೊಂದಲವಾಯಿತಂತೆ. ಆದರೂ ಪಕ್ಕದಲ್ಲಿ ತಿರುವೇ ಇಲ್ಲದ್ದರಿಂದ ನೇರ ನಡೆದರು. ಮುನ್ನೂರ ಹನ್ನೊಂದರಲ್ಲಿ ಎರಡು ಪಟ್ಟೆಯೂ ಇತ್ತು, ಎಡಕ್ಕೆ ಜಾಡೂ ಇತ್ತು. ತಿರುಗಿದರು. ಕಾಲು ಮೈಲಿ ಇಳಿಯುವಷ್ಟರಲ್ಲಿ ಜಾರಿ ಆರ್ಲೋ ಅವರ ಪಾದದ ಗಂಟು ಮುರಿಯಿತು. ಅದೇ ದಿನ ಬಂದಿದ್ದ, ಏನೂ ತಿಳಿಯದ ಕಾಲೇಜು ಹುಡುಗರು ಹರಟುತ್ತ ನೇರ ಹೋಗಿ ಮನೆ ಸೇರಿದರು. ದಾರಿಯ ಭಾಷೆ ಗೊತ್ತಿದ್ದವರೇ ಹಾಳಾದರು.

ಸಂಜೆ ಅವರ ಕಾರು ಒಂಟಿಯಾಗಿ ನಿಂತದ್ದು ಕಂಡು ಹುಡುಕಾಟ ಶುರುವಾಯಿತು. ಹಾರುವ ಕ್ಯಾಮೆರಾ ಬಂತು, ನಾಯಿಗಳು ಬಂದವು. ಒಂದೂವರೆ ಗಂಟೆ ಅದೇ ದಾರಿಯಲ್ಲಿ ಓಡಾಡಿದರು. "ನನ್ನ ಯಾರೂ ಕೇಳ್ಲಿಲ್ಲ," ಎನ್ನುವಾಗ ವರ್ನೆಲ್ ದನಿ ಏರುವುದಿಲ್ಲ. "ಅಲ್ಲೇ ಇದ್ದೆ, ಕಕ್ಕಸು ತೊಳೀತಿದ್ದೆ. ನನ್ನ ಬಕೆಟ್ಟು ದಾಟ್ಕೊಂಡೇ ಓಡಾಡಿದ್ರು." ಕೊನೆಗೆ ನಾಯಿಯವನೊಬ್ಬ ಬೆಟ್ಟದ ನಕ್ಷೆ ಇದೆಯೇ ಎಂದು ಕೇಳಿದ. ವರ್ನೆಲ್ ಪೊರಕೆ ಗೋಡೆಗೆ ಒರಗಿಸಿ ಮುಂದೆ ನಡೆದರು. ನಲವತ್ತು ನಿಮಿಷದಲ್ಲಿ ಜೋಯೆಟಾ ಅವರ ಕೂಗು ಕೇಳಿಸಿತು. ಆ ಹೊತ್ತಿಗೆ ಕೂಗಿ ಕೂಗಿ ಅವರ ದನಿ ಒಡೆದಿತ್ತು.

ಮರುದಿನ ಬೆಳಕು ಹರಿಯುವಾಗಲೇ ವರ್ನೆಲ್ ಆ ಒಂದು ಮರಕ್ಕೆ ಹೋಗಿ ಎರಡನೇ ಪಟ್ಟೆ ಅಳಿಸಿದರು. ಮನುಷ್ಯರಾದವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಮೂರು ದಿನ ಬಿಟ್ಟು ತನಿಖೆಗೆಂದು ಬಂದವರು ಮರ ನೋಡಿದರು. ಬೇರೆಲ್ಲ ಕಡೆ ಎರಡು ಪಟ್ಟೆ, ಇಲ್ಲಿ ಮಾತ್ರ ಒಂದು! ಅಪಘಾತ ನಡೆದ ಜಾಗದಲ್ಲಿ ಗುರುತು ನಿಯಮದಂತೆ ಇರಲಿಲ್ಲ, ನಿರ್ವಹಣೆಯಲ್ಲಿ ಲೋಪ ಎಂದು ವರದಿ ಬರೆದರು. ನಿನ್ನೆ ಅಳಿಸಿದ್ದೋ ಮೊನ್ನೆ ಅಳಿಸಿದ್ದೋ ಎಂದು ಕೇಳುವ ತಾಳ್ಮೆಯೂ ಇರಲಿಲ್ಲ. ನಾನೇ ಅಳಿಸಿದೆ, ಆಮೇಲೆ ಅಳಿಸಿದೆ ಎಂದು ವರ್ನೆಲ್ ಹೇಳಿದ್ದು ವರದಿಯಲ್ಲಿ ಒಂದಕ್ಷರ ಇಲ್ಲ. ನೋಟಿಸು ಅವರ ಹೆಸರಿಗೆ ಬಂತು. ಎರಡು ಪಟ್ಟೆ ಬಳಿಸಿದವರು ಕೈತೊಳೆದುಕೊಂಡರು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ವಿಚಾರಣೆ ತಿಂಗಳ ಕೊನೆಯಲ್ಲಿ. ಅಲ್ಲಿಯವರೆಗೆ ಯಾವ ಗುರುತನ್ನೂ ಮುಟ್ಟಬಾರದೆಂದು ಆಜ್ಞೆ. ಇನ್ನು ಹತ್ತು ದಿನದಲ್ಲಿ ಎಲೆ ಉದುರುತ್ತದೆ. ಕೆಂಪು ಹಳದಿ ಬೆಟ್ಟ ನೋಡಲು ಸಾವಿರಗಟ್ಟಲೆ ಜನ ಬರುತ್ತಾರೆ, ಸಮಿತಿಯ ಜಾಹೀರಾತಿನಲ್ಲೂ ಅದೇ ಚಿತ್ರ. ಎಲೆ ಬಿದ್ದ ಮೇಲೆ ನೆಲದಲ್ಲಿ ದಾರಿ ಎಂಬುದೇ ಕಾಣುವುದಿಲ್ಲ. ಮರದ ಮೇಲಿನ ಪಟ್ಟೆಯೊಂದೇ ದಿಕ್ಕು. "ಅವರು ವಿಚಾರಣೆ ಮಾಡ್ಲಿ, ಬೇಡ ಅನ್ನಲ್ಲ. ಎಲೆ ಕಾಯುತ್ತಾ?" ಎಂದು ವರ್ನೆಲ್ ಕೇಳುತ್ತಾರೆ.

ಅದಕ್ಕೇ ಈ ಬೆಳಗಿನ ಕೆಲಸ. ದಿನಕ್ಕೆ ಮೂವತ್ತು ಮರ, ಒಂಬತ್ತು ಗಂಟೆಯೊಳಗೆ. ಬಣ್ಣ ಮನೆಯಲ್ಲೇ ಕಲಸಿದ್ದು, ಓಕ್‌ಗೆ ಒಂದು ಡಬ್ಬಿ, ಬೀಚ್ ಮರಕ್ಕೆ ಬೂದು ಬಣ್ಣದ ಇನ್ನೊಂದು. ನಡುವೆ ಬಂಡೆಯ ಮೇಲೆ ಕೂತು, ಹಂದಿಮಾಂಸದ ತುಣುಕಿಟ್ಟ ಬಿಸ್ಕೆಟ್ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತಾರೆ. ಬೇಡವೆಂದರೆ ಮುನಿಸು. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ನಿಮ್ಮ ಕೆಲಸಕ್ಕೇ ಕುತ್ತಲ್ಲವೇ ಎಂದು ಅಳುಕುತ್ತಲೇ ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಇವತ್ತು ಬುಧವಾರ. ಇವತ್ತಿಂದು ಮುಗಿದ್ರೆ ನೂರೊಂದು ಮರ ಬಾಕಿ. ಶನಿವಾರಕ್ಕೆ ತೊಂಬತ್ತಾಗುತ್ತೆ, ಭಾನುವಾರ ಬೆಳಿಗ್ಗೆಗೆ ಹನ್ನೊಂದು. ನಿಮ್ಮ ಪೇಪರ್ ಬರೋದು ಭಾನುವಾರ ತಾನೇ? ಆ ವೈಲಿ ಎದ್ದು, ಕಾಫಿ ಕುಡ್ದು, ಓದೋ ಹೊತ್ತಿಗೆ ಅದೂ ಮುಗ್ದಿರುತ್ತೆ. ಬರೀರಿ. ಈ ಸಲನಾದ್ರೂ ಬರೀರಿ."

ನಾನು ತಲೆ ತಗ್ಗಿಸಿದೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದೆ. ಮೊದಲು ಬಟ್ಟೆ ಒಗೆಯುವ ಅಂಗಡಿಯಲ್ಲಿದ್ದೆ, ಅಲ್ಲಿಗೇ ಹೋಗುತ್ತೇನೆ, ಶನಿವಾರ ಪಿಟೀಲು ಕೇಳಲು ಬರುವುದನ್ನು ಆ ವೈಲಿಯ ಅಪ್ಪನೂ ತಡೆಯಲಾರ ಎಂದರು.

ಇವತ್ತಿನ ಸರದಿ ಮುಗಿಯುವುದು ಮುನ್ನೂರ ಹತ್ತಕ್ಕೆ. ಆದರೂ ಡಬ್ಬಿಯ ಮುಚ್ಚಳ ಹಾಕಿ ಇನ್ನಷ್ಟು ದೂರ ನಡೆಸುತ್ತಾರೆ. ದಾರಿಯ ನಡುವೆ ನಿಲ್ಲಿಸಿ, ನನ್ನ ಕನ್ನಡಕ ಬಿಚ್ಚಿ ತಮ್ಮ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಮುಂದೆಲ್ಲ ಮಸುಕು. ಎಡಕ್ಕೆ ಜಾಡು ಇಳಿಜಾರಾಗಿ ಕರೆಯುತ್ತಿದೆ.

"ಮುನ್ನೂರ ಹನ್ನೊಂದು. ಕಾಣುತ್ತಾ?"

ಕಾಣುತ್ತದೆ ಎಂದೆ.

"ಎಷ್ಟು ಪಟ್ಟೆ?"

"ಒಂದು."

"ಹಂಗಾದ್ರೆ ನೇರ ನಡೀರಿ," ಎನ್ನುತ್ತಾರೆ ವರ್ನೆಲ್.