ಬೆಣೆ ತೆಗೆದ ಮೇಜು

ಎರಡು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ಮೆಂಟೆನೆನ್ಸ್ ಇಂಜಿನಿಯರ್ ಆಗಿದ್ದ ನಾನು ಆಗಷ್ಟೇ ನಿವೃತ್ತನಾಗಿ ಕೊಪ್ಪಕ್ಕೆ ಮರಳಿದ್ದೆ. ಅಪ್ಪ, ಅಮ್ಮ ಇದೇ ಸುತ್ತಿನ ಕಾಫಿ ತೋಟಗಳಲ್ಲಿ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಕೂರಲು ಮಾತ್ರ ಬರುವುದಿಲ್ಲ. ಪಂಪು, ಮೋಟಾರು, ಅಡಿಕೆ ಸುಲಿಯುವ ಯಂತ್ರ, ಯಾವುದಕ್ಕೆ ಕರೆದರೂ ಚೀಲ ಹಿಡಿದು ಹೊರಡುತ್ತಿದ್ದೆ.

ಹತ್ತಿರದ ಹಳ್ಳಿ ಸೀತೂರಿನಿಂದ ಗಿರಿಜಮ್ಮ ಫೋನ್ ಮಾಡಿದ್ದು ಹಾಗೆಯೇ. “ಮಷೀನು ಗೆರೆ ಸರಿ ಎಳೀತಿಲ್ಲ. ಇವರು ಊಟ ಬಿಟ್ಟು ಅದರ ಮುಖ ನೋಡ್ತಾ ಕೂತಿದಾರೆ. ಒಂಚೂರು ಬಂದು ಹೋಗಿ.”

ಇವರು ಎಂದರೆ ಅವರ ಗಂಡ ಮಂಜಪ್ಪಾಚಾರ್ಯರು. ಬಾಗಿಲ ಚೌಕಟ್ಟಿನ ಕೆತ್ತನೆಯಲ್ಲಿ ಹೆಸರು ಮಾಡಿದವರು. ಬೈಕಿನಿಂದ ಬಿದ್ದು ಬಲಗೈಯ ಹಿಡಿತ ಹೋಗಿತ್ತು, ಉಳಿ ನಿಲ್ಲುತ್ತಿರಲಿಲ್ಲ. ಆ ಕೈಗೆ ಬದಲಾಗಿ ಅವರು ತರಿಸಿಕೊಂಡದ್ದು ಹವ್ಯಾಸಕ್ಕೆ ಬಳಸುವಂಥ ಒಂದು ಸಣ್ಣ ಸಿಎನ್‌ಸಿ ಯಂತ್ರ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ, ಗರಗರ ತಿರುಗುವ ಸಣ್ಣ ಕೊರೆಮೊನೆಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಓಡಿಸಿ ಮರದಲ್ಲಿ ಅದನ್ನು ಕೊರೆಯುವ ಯಂತ್ರ. ಚಿತ್ರ ಹಾಕುವುದನ್ನು ಗಿರಿಜಮ್ಮ ಕಲಿತಿದ್ದರು.

ಶೃಂಗೇರಿ ಕಡೆಯ ಒಂದು ಹೊಸ ಮನೆಗೆ ಬರುವ ಸೋಮವಾರ ಬಾಗಿಲು ನಿಲ್ಲಿಸುವ ಮುಹೂರ್ತ. ಚೌಕಟ್ಟು ತಯಾರಿತ್ತು; ಬಳ್ಳಿ ಕೆತ್ತಬೇಕಾದ ಮೇಲಿನ ಪಟ್ಟಿಯೊಂದು ಬಾಕಿ. ಒಪ್ಪಿಕೊಂಡ ಬಾಗಿಲು ಮುಹೂರ್ತಕ್ಕೆ ತಪ್ಪಿದರೆ ಮತ್ತೆ ಯಾರೂ ಆ ಆಚಾರ್ಯರನ್ನು ಕರೆಯುವುದಿಲ್ಲ.

“ಇದು ಆಗದಿದ್ರೆ ಮಷೀನು ವಾಪಸ್. ನಾನು ಮಿಲ್ಲಿನ ಗೇಟು ಕಾಯೂದು. ಕೆಲಸ ಕೇಳಿಟ್ಟಾಗಿದೆ,” ಎಂದರು ಆಚಾರ್ಯರು, ನಾನು ಚೀಲ ಇಳಿಸುವ ಮೊದಲೇ.

ಯಂತ್ರ ಓಡಿಸಿ ನೋಡಿದೆ. ನೇರ ಗೆರೆ ಚೆನ್ನಾಗಿಯೇ ಬಂತು. ಬಳ್ಳಿಯ ಸುರುಳಿ ಬಂದಾಗ ಕೊರೆಮೊನೆ ಮತ್ತೆ ಮತ್ತೆ ದಿಕ್ಕು ಬದಲಿಸಬೇಕು. ಅಲ್ಲಿ ಗೆರೆ ನಡುಗಿ ಎರಡೆರಡಾಗುತ್ತಿತ್ತು. ಬೆಲ್ಟು, ಸ್ಕ್ರೂ, ಮೋಟಾರು ಎಲ್ಲ ಸರಿಯಿದ್ದವು. ಗಿರಿಜಮ್ಮ ಇಟ್ಟ ಟೀ ಲೋಟ ಮೇಜಿನ ಮೇಲೆ ತಾನಾಗಿ ಅಂಚಿನ ಕಡೆಗೆ ನಡೆಯುತ್ತಿತ್ತು. ಬಗ್ಗಿ ಮೇಜಿನ ಕೆಳಗೆ ನೋಡಿದೆ.

ನಮ್ಮ ಕಡೆಯ ಬಡಗಿಗಳು ಮನೆಮನೆಗೆ ಹೋಗಿ ಕೆಲಸ ಮಾಡುವವರು. ಬೆಂಚನ್ನೂ ಒಯ್ಯಬೇಕು. ಅದಕ್ಕೇ ಅದನ್ನು ಬಿಚ್ಚಿ ಕಟ್ಟುವಂತೆ ಮಾಡುತ್ತಾರೆ: ಅಡ್ಡಪಟ್ಟಿಯನ್ನು ಕಾಲಿನ ತೂತಿಗೆ ತೂರಿಸಿ ಒಂದು ಬೆಣೆ ಬಡಿದರೆ ಬಿಗಿ, ಬೆಣೆ ತೆಗೆದರೆ ಹೊತ್ತೊಯ್ಯುವ ಹೊರೆ. ಆಚಾರ್ಯರು ಯಂತ್ರಕ್ಕೂ ಅದೇ ಬಗೆಯ ಮೇಜು ಮಾಡಿದ್ದರು. ಉಳಿಯ ಏಟಿಗೆ ಅದು ಜಗ್ಗುವುದಿಲ್ಲ. ಯಂತ್ರದ ನಡುಕವೇ ಬೇರೆ. ಸಣ್ಣದು, ಬಿಡದೆ ಬರುವಂಥದ್ದು. ಅದಕ್ಕೆ ಬೆಣೆ ಸಡಿಲವಾಗುತ್ತದೆ. ಇಂಥ ಸಣ್ಣ ಸಿಎನ್‌ಸಿಗೆ ತನ್ನದೇ ಗಟ್ಟಿತನ ಕಡಿಮೆ. ಕೆಳಗಿನ ಮೇಜು ತಿರುಚಿದಂತೆ ಅದೂ ತಿರುಚುತ್ತದೆ.

“ಬೆಣೆ ತೆಗೆದು ಗಮ್ ಹಾಕಿ ಬೋಲ್ಟ್ ಬಿಗಿಯೋಣ. ಮೂಲೆಗೆ ಕಬ್ಬಿಣದ ಆಂಗಲ್ ಓರೆಯಾಗಿ ಕೊಡೋಣ. ಕೆಳಗೆ ಮರಳು ಚೀಲ ಹೇರೋಣ,” ಎಂದೆ.

“ಆಂಗಲ್ ಹಾಕಿ, ಮರಳು ಹೇರಿ. ಬೆಣೆ ಮುಟ್ಟೂದು ಬೇಡ,” ಎಂದರು ಆಚಾರ್ಯರು.

“ಯಾಕೆ?”

“ಬೆಂಚು ಅಂದ್ರೆ ಎತ್ಕೊಂಡು ಹೋಗುವಂಗೆ ಇರಬೇಕು ಮಾರಾಯ್ರೆ. ನೀವು ಗೋಡೆ ಕಟ್ಟಿ ಅಂತಿದೀರಿ.”

ಬೆಣೆಗಳನ್ನು ಇನ್ನಷ್ಟು ಬಡಿದು, ಆಂಗಲ್ ಕೊಟ್ಟು, ಮರಳು ಹೇರಿ ಶುರು ಮಾಡಿದೆವು. ಮೊದಲ ಸುರುಳಿ ಚೆಂದ ಬಂತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೇಜಿನ ಕಾಲಿಗೆ ಅಂಗೈ ಇಡುವುದು, ಹೊರಗೆ ಹೋಗುವುದು, ಮತ್ತೆ ಬಂದು ಇಡುವುದು. ಕರೆಂಟ್ ಹೋದರೆ ಎಂಬ ಭಯ ಬೇರೆ. ಕರೆಂಟ್ ಹೋಗಲಿಲ್ಲ. ಹೂವಿನ ಎಸಳಿಗೆ ಬರುವಾಗ ಅಂಗೈಗೆ ಸಣ್ಣ ಜುಮುಜುಮು ತಾಗಿತು. ನಿಲ್ಲಿಸುವಷ್ಟರಲ್ಲಿ ಎಸಳು ಎರಡು ಗೆರೆಯಾಗಿತ್ತು. ಹಲಗೆ ಹೋಯಿತು. ಚೌಕಟ್ಟಿಗೆ ಬಣ್ಣ ಹೊಂದುವ ಒಣಗಿದ ಹಲಗೆ ಇನ್ನು ಉಳಿದದ್ದು ಒಂದೇ.

ಆಚಾರ್ಯರು ಎಡಗೈಯಲ್ಲಿ ಮರದ ಕೊಡತಿ ಎತ್ತಿಕೊಂಡರು, ಬೆಣೆ ಬಡಿಯಲು.

“ಎಷ್ಟು ಸಲ ಬಡೀತೀರಿ?” ಎಂದರು ಗಿರಿಜಮ್ಮ. “ಆ ಬೆಂಚು ಹೊತ್ಕೊಂಡು ಹೋಗೂದು ಯಾರು? ನಿಮ್ಮ ಬಲಗೈಲಿ ಟೀ ಲೋಟ ನಿಲ್ಲೂದಿಲ್ಲ. ಮನೆಮನೆಗೆ ಹೋಗೂದು ಮುಗೀತು. ಇನ್ನು ಮರ ಇಲ್ಲಿಗೆ ಬರ್ತದೆ. ಹೇಳ್ಬಾರ್ದು ಅಂತ ಇಷ್ಟು ದಿನ ಸುಮ್ನಿದ್ದೆ.”

ನಾನು ಸ್ಪ್ಯಾನರ್ ಹುಡುಕುವವನ ಹಾಗೆ ಚೀಲದೊಳಗೆ ಕೈ ಹಾಕಿ ಕೂತೆ. ಆಚಾರ್ಯರು ಮೇಜಿನ ಕೆಳಗೆ ಬಗ್ಗಿದರು. ಆಮೇಲೆ ಕೊಡತಿಯನ್ನು ಬೆಣೆಯ ಇನ್ನೊಂದು ತುದಿಗೆ ಬಡಿದರು. ಒಂದು ಹೊರಗೆ ಬಂತು. ಎಲ್ಲವನ್ನೂ ಅವರೇ ತೆಗೆದರು. ನನಗೆ ಅವನ್ನು ಮುಟ್ಟಲು ಬಿಡಲಿಲ್ಲ.

ಗಮ್ ಅವರೇ ಹಚ್ಚಿದರು. ಬೋಲ್ಟ್ ನಾನು ಬಿಗಿದೆ. ಮೇಲ್ಗಡೆ ದಪ್ಪ ಪ್ಲೈವುಡ್‌ನ ಎರಡು ಪದರ ಅಂಟಿಸಿ, ಕಾಲಿನಡಿಯ ಬೋಲ್ಟ್ ತಿರುಗಿಸಿ ಮಟ್ಟ ಮಾಡಿದೆವು. ಗಮ್ ಒಣಗುವ ತನಕ ಕಾಯಬೇಕು. ಮುಹೂರ್ತ ಹತ್ತಿರ ಬರುತ್ತಿರುವಾಗ ಸುಮ್ಮನೆ ಕಾಯುವಂಥ ಕಷ್ಟದ ಕೆಲಸ ನಾನು ಫೌಂಡ್ರಿಯಲ್ಲೂ ಮಾಡಿರಲಿಲ್ಲ.

“ಇಂಜಿನಿಯರ್ರೆ, ನೀವು ತಿರುಗಾಡಿ ನೆಲ ಸವೀತು. ಮಟ್ಟ ಮತ್ತೆ ನೋಡ್ಬೇಕಾಗ್ತದೆ,” ಎಂದರು ಆಚಾರ್ಯರು. ಬಂದ ಮೇಲೆ ಅವರ ಬಾಯಲ್ಲಿ ಕೇಳಿದ ಮೊದಲ ತಮಾಷೆ ಅದು.

ಕೊನೆಯ ಹಲಗೆ ಕಟ್ಟಿ ಯಂತ್ರ ಓಡಿಸಿದಾಗ ಟೀ ಲೋಟ ಇಟ್ಟಲ್ಲೇ ಇತ್ತು. ಸುರುಳಿ ಮುಗಿಯಿತು, ಎಸಳು ಮುಗಿಯಿತು. ಆಚಾರ್ಯರು ಎಡಗೈ ಹೆಬ್ಬೆರಳನ್ನು ಬಳ್ಳಿಯ ಉದ್ದಕ್ಕೂ ಓಡಿಸಿದರು. ಎಲ್ಲಿಯೂ ತಡೆಯಲಿಲ್ಲ.

ಸೋಮವಾರ ನಾನೂ ಹೋಗಿದ್ದೆ. ಪೂಜೆಯಾಗಿ ಚೌಕಟ್ಟು ಎತ್ತಿ ನಿಲ್ಲಿಸಿದರು. ಒಂದು ಬದಿ ಕೂದಲೆಳೆಯಷ್ಟು ತಗ್ಗಿತ್ತು. ಗಾರೆಯವರು ಚಕ್ಕೆ ಹುಡುಕುತ್ತಿದ್ದಾಗ ಆಚಾರ್ಯರು ಹೆಗಲ ಚೀಲದಿಂದ ಮೇಜಿನ ಹಳೆಯ ಬೆಣೆಯೊಂದನ್ನು ತೆಗೆದು, ಚೌಕಟ್ಟಿನ ಅಡಿಗಿಟ್ಟು, ಎಡಗೈಯಲ್ಲೇ ಬಡಿದು ಕೂರಿಸಿದರು. ಗಾರೆ ಬಿದ್ದು ಅದು ಅಲ್ಲೇ ಉಳಿಯಿತು. ಉಳಿದ ಬೆಣೆಗಳು ಚೀಲದಲ್ಲಿ ಸದ್ದು ಮಾಡುತ್ತಿದ್ದವು. ಮುಂದಿನ ಬಾಗಿಲುಗಳಿಗೆ ಇರಬೇಕು.

ಯಂತ್ರ ಕೆಟ್ಟಿದೆ ಎಂದು ಕರೆದರೆ ಈಗ ನಾನು ಮೊದಲು ಅದರ ಅಡಿಯಲ್ಲಿ ಏನಿದೆ ಎಂದು ನೋಡುತ್ತೇನೆ. ಅದನ್ನು ಹಾಗೆ ಮಾಡಿದ್ದು ಯಾಕೆ ಎಂದು ಕೇಳುತ್ತೇನೆ. ಸ್ಪ್ಯಾನರ್ ಆಮೇಲೆ. ಡಿಗ್ರಿಯಲ್ಲಿ ಕಂಪನದ ಲೆಕ್ಕ ಕಲಿತಿದ್ದೆ, ಅದು ಕೈಬಿಡಲಿಲ್ಲ. ಆದರೆ ಬೆಣೆ ತೆಗೆಯಬೇಕಾದವರು ತಾವಾಗಿ ತೆಗೆಯುವ ತನಕ ಕಾಯಬೇಕು ಎಂಬುದು ಸೀತೂರಿನ ಆ ಮೇಜಿನ ಬಳಿ ಕಲಿತದ್ದು. ಕಾಯುವುದು ನನಗೆ ಇವತ್ತಿಗೂ ಕಷ್ಟ.