ಪುಕ್ಕಲು ಪರ್ಲ್ ಕಾಯುವ ಮೇಜು

ಆರ್ಡಿತ್ ಪ್ರುಯಿಟ್ ಹೆದರುಪುಕ್ಕಲಿ ಎನ್ನುವುದು ಡ್ರೈ ಫೋರ್ಕ್ ಊರಿನ ನಾಯಿಗಳಿಗೂ ಗೊತ್ತಿತ್ತು. ಗಾಳಿ ಸ್ವಲ್ಪ ಜೋರಾದರೆ ಸಾಕು, ನೆಲಮಾಳಿಗೆಯ ಬಾಗಿಲು ತೆರೆದಿಟ್ಟುಕೊಂಡು ಕೂರುವವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಟ್ರಕ್ಕು ತಿರುಗಿಸಲು ಗಂಡನ ಪ್ರಾಣ ಹಿಂಡುವವಳು. ಊರಾಚೆಯ ಕೆಂಪು ದಿಬ್ಬದ ಬುಡದಲ್ಲಿ ಹಳೆಗಾಲದ ಕೌಬಾಯ್ ವೇಷ ತೊಟ್ಟು ಗುರಿ ಹೊಡೆಯುವ ಕ್ಲಬ್ಬಿತ್ತಲ್ಲ, ಅಲ್ಲಿ ಎಲ್ಲರಿಗೂ ಒಂದೊಂದು ಆಟದ ಹೆಸರು. ಅವಳಿಗೆ ಇಟ್ಟದ್ದು ‘ಪುಕ್ಕಲು ಪರ್ಲ್’. ಅಂಜುವವರ ಮೇಲೆ ಕಪ್ಪೆ ಎಸೆಯುವುದೆಂದರೆ ಜನಕ್ಕೆ ಅದೇನು ಖುಷಿಯೋ!

ಅಂಥವಳಿಗೆ ಹತ್ತೊಂಬತ್ತು ವರ್ಷದಿಂದ ತೋಟಾ ತುಂಬುವ ಮೇಜನ್ನು ಕಾಯುವ ಕೆಲಸ. ಹಳೆ ಮಾದರಿಯ ರಿವಾಲ್ವರಿನ ಉರುಳೆಯಲ್ಲಿ ತೋಟಾ ಕೂರಲು ಆರು ಮನೆ. ತುಂಬುವುದು ಐದೇ. ಒಂದು ತುಂಬು, ಒಂದು ಬಿಡು, ಮತ್ತೆ ನಾಲ್ಕು ತುಂಬು, ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು ಪೂರ್ತಿ ಹಿಂದಕ್ಕೆಳೆದು ಮೆಲ್ಲಗೆ ಇಳಿಸು. ಆಗ ಸುತ್ತಿಗೆಯ ಕೆಳಗೆ ಖಾಲಿ ಮನೆ ಬಂದು ನಿಲ್ಲುತ್ತದೆ. ತುಂಬಿದ ಮನೆ ಬಂತೋ, ಒಂದು ಏಟು ತಾಗಿದರೆ ಸಾಕು, ಟ್ರಿಗರ್ ಮುಟ್ಟದೆಯೂ ಗುಂಡು ಹಾರುತ್ತದೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಬೂಟಿನ ದಾರ ಕಟ್ಟಲು ಬಗ್ಗಿದಾಗ ಸೊಂಟದಿಂದ ರಿವಾಲ್ವರ್ ಜಾರಿ ಬಿದ್ದು, ಅವನ ಪಾದ ಚೂರಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಂದಿನಿಂದ ಕನ್ನಡಕ ಏರಿಸಿ, ಪ್ರತಿಯೊಬ್ಬರ ಸುತ್ತಿಗೆಯ ಸಂದಿಗೂ ಕಣ್ಣಿಟ್ಟು ನೋಡದೆ ಯಾರನ್ನೂ ಮುಂದೆ ಬಿಡುತ್ತಿರಲಿಲ್ಲ. ಒಬ್ಬನನ್ನು ಬಿಟ್ಟು.

ಆ ಒಬ್ಬ ಅವಳ ಗಂಡ ವೆಂಡಲ್. ಕ್ಲಬ್ಬು ಕಟ್ಟಿದವನೇ ಅವನು, ಊರಿಗೆಲ್ಲ ಆ ಎಣಿಕೆ ಕಲಿಸಿದವನೂ ಅವನೇ. ಗುರುವಿನ ಲೆಕ್ಕ ನೋಡುವವರುಂಟೇ? ಅವನು ಮೇಜಿಗೆ ಬಂದರೆ ಆರ್ಡಿತ್ ತಲೆಯಾಡಿಸುತ್ತಿದ್ದಳು, ಅವನು ಹೋಗುತ್ತಿದ್ದ.

ಅವನ ಹಳೆಯ ರಿವಾಲ್ವರ್ ಜೋಡಿ ಸವೆದು ಸಡಿಲವಾಗಿತ್ತು. ಅದನ್ನು ಕಂಡರೆ ಇವಳಿಗೆ ಭಯ. ಅದಕ್ಕೇ ಅರವತ್ತೆಂಟನೆಯ ಹುಟ್ಟುಹಬ್ಬಕ್ಕೆ ಇಟಲಿಯಲ್ಲಿ ಮಾಡಿದ ಹೊಸ ಜೋಡಿಯನ್ನು ತಾನೇ ಆರಿಸಿ ತರಿಸಿದಳು. ಥಳಥಳ ಹೊಳೆಯುವ ನೀಲಿ ಉಕ್ಕು. ವೆಂಡಲ್ ಅಡುಗೆಮನೆಯ ಮೇಜಿನ ಮೇಲೆ ಮದ್ದಿಲ್ಲದ ಹುಸಿ ತೋಟಾ ತುಂಬಿ, ಎಡಗೈಯದ್ದರ ಸುತ್ತಿಗೆಯನ್ನು ಸರ್ರನೆ ಎಳೆದ. ಉರುಳೆ ನಿಲ್ಲಬೇಕಾದಲ್ಲಿ ನಿಲ್ಲದೆ ಒಂದು ಮನೆ ಮುಂದಕ್ಕೆ ಜಾರಿತು. ಆರ್ಡಿತ್‌ಳ ಕೈಯಲ್ಲಿದ್ದ ಕಾಫಿ ಕಟ್ಟಿಕೊಂಡಿದ್ದ ಏಪ್ರನ್ನಿನ ಮೇಲೆ ಚೆಲ್ಲಿತು.

“ವಾಪಸ್ ಕಳಿಸು,” ಎಂದಳು. ಅವನು ಎದ್ದುಹೋಗಿ ಫೋನ್ ಮಾಡಿ ಬಂದ.

“ಅಂಗಡಿಯವನಿಗೆ ಫೋನ್ ಮಾಡ್ದೆ ಕಣೆ. ಬದಲಿ ಬರೋಕೆ ಆರು ವಾರ ಅಂತೆ. ಶನಿವಾರ ವರ್ಷದ ದೊಡ್ಡ ಪಂದ್ಯ, ನಾನೇನು ಕವಣೆ ಹಿಡ್ಕೊಂಡು ಹೋಗ್ಲಾ?”

“ಹಳೇದು ತಗೊಂಡ್ಹೋಗು.”

“ಅದನ್ನ ಕಂಡ್ರೂ ಹೆದರ್ತೀಯ, ಇದನ್ನ ಕಂಡ್ರೂ ಹೆದರ್ತೀಯ. ಹೊಸ ಚಪ್ಪಲಿ ಕಚ್ಚಲ್ವೇನೆ? ಎರಡು ದಿನ ಉಜ್ಜಿದ್ರೆ ಸರಿಹೋಗುತ್ತೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಅರದಿಂದ ಉಜ್ಜಿದ, ಸ್ಪ್ರಿಂಗು ಬಗ್ಗಿಸಿದ. ಆಮೇಲೆ ಮಗುವಿಗೆ ಹೊದಿಕೆ ಹೊದಿಸುವಷ್ಟು ನಿಧಾನವಾಗಿ ನಲವತ್ತು ಸಲ ಎಳೆದು ತೋರಿಸಿದ. ನಲವತ್ತು ಸಲವೂ ಸರಿಯಾಗಿ ನಿಂತಿತು. ‘ಮೆಲ್ಲಗೆ ಎಳೆದೆಯಲ್ಲ, ಅದಕ್ಕೇ’ ಎಂಬ ಮಾತು ಅವಳ ಬಾಯಿತನಕ ಬಂದು ಹಿಂದಕ್ಕೆ ಹೋಯಿತು. ನಲವತ್ತು ವರ್ಷದ ಸಂಸಾರದಲ್ಲಿ ಹಾಗೆ ಹಿಂದಕ್ಕೆ ಹೋದ ಮಾತುಗಳೇ ಒಂದು ಮೂಟೆ ಆದಾವು.

ಶನಿವಾರ ಬೆಳಗ್ಗೆ ದೂಳುಗಾಳಿ. ಉದ್ದ ಲಂಗ ತೊಟ್ಟು, ತಲೆಗೆ ಬಾನೆಟ್ಟು ಟೋಪಿ ಕಟ್ಟಿ ಆರ್ಡಿತ್ ಮೇಜಿನ ಹಿಂದೆ ನಿಂತಿದ್ದಳು. ವೆಂಡಲ್ ಬಂದ. ಅಷ್ಟರಲ್ಲಿ ಹೆಸರು ಕೂಗುವ ಕ್ಲಾಯ್ಡ್ ಅರಚಿದ: “ಎಲ್ರೂ ಕಾಯ್ತಿದ್ದಾರೆ ಮಾರಾಯ, ಬೇಗ ಬಾ! ಮುದುಕ ಆದ್ಯಾ?”

ವೆಂಡಲ್‌ಗೆ ರೇಗಿತು. ಬಲಗೈಯದ್ದನ್ನು ತುಂಬಿ ಸೊಂಟದ ಚರ್ಮದ ಚೀಲಕ್ಕೆ ಇಳಿಸಿದ. ಎಡಗೈಯದ್ದು: ಒಂದು, ಬಿಟ್ಟ, ನಾಲ್ಕು. ಸುತ್ತಿಗೆಯನ್ನು ಸರ್ರನೆ ಎಳೆದು ಇಳಿಸಿದ. ಅವನ ದಪ್ಪ ಹೆಬ್ಬೆರಳು ಅಡ್ಡ ಇತ್ತು, ಸಂದಿ ಕಾಣಲಿಲ್ಲ. ಅವಳು ಕನ್ನಡಕ ಏರಿಸಿದಳು.

“ತೋರಿಸು.”

“ಏನನ್ನ?”

“ಸುತ್ತಿಗೆ ಕೆಳಗೆ. ನೋಡ್ಬೇಕು ನಾನು.”

ಹಿಂದೆ ಸಾಲಿನಲ್ಲಿದ್ದವರು ಗೊಳ್ಳೆಂದರು. “ಪರ್ಲ್‌ಗೆ ಗಂಡನ ಮೇಲೂ ನಂಬಿಕೆ ಇಲ್ಲ ಕಣ್ರೋ!” ಎಂದ ಕ್ಲಾಯ್ಡ್.

ವೆಂಡಲ್‌ನ ಕಿವಿ ಕೆಂಪಾಯಿತು. “ಹತ್ತೊಂಬತ್ತು ವರ್ಷ ನೋಡಿಲ್ಲ, ಇವತ್ತು ನೋಡ್ತೀಯಾ? ಇಷ್ಟು ಜನರ ಮುಂದೆ?” ಎಂದು ರಿವಾಲ್ವರನ್ನು ಎಡತೊಡೆಯ ಚೀಲದತ್ತ ತಂದ.

ತಾನೇನು ಮಾಡುತ್ತಿದ್ದೇನೆಂದು ಆರ್ಡಿತ್‌ಗೇ ತಿಳಿಯಲಿಲ್ಲ. ಮೇಜಿನ ಮೇಲೆ ಬಾಗಿ ಆ ಚೀಲದ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಹಿಂದಿನವರು ನಗುತ್ತಲೇ ಇದ್ದರು, ಅವಳು ಕೈ ತೆಗೆಯಲಿಲ್ಲ. “ಆಗಲ್ಲ. ದಮ್ಮಯ್ಯ, ಆಗಲ್ಲ ವೆಂಡಲ್!”

“ಥೂ, ನೋಡ್ಕೋ ಹೋಗು!” ಎಂದು ಅವನು ನಳಿಗೆಯನ್ನು ದಿಬ್ಬದ ಕಡೆಗೆ ತಿರುಗಿಸಿ ರಿವಾಲ್ವರನ್ನು ಮೇಜಿನ ಮೇಲೆ ಕುಕ್ಕಿದ. ಸುತ್ತಿಗೆಯ ಬಾಲ ಮೇಜಿನ ಕಬ್ಬಿಣದ ಪಟ್ಟಿಗೆ ಬಡಿಯಿತು.

ಢಂ!

ದಿಬ್ಬದಲ್ಲಿ ಕೆಂಪು ಮಣ್ಣು ಎದ್ದಿತು. ನಗುತ್ತಿದ್ದವರ ಬಾಯಿ ತೆರೆದೇ ಉಳಿಯಿತು. ಆರ್ಡಿತ್‌ಳ ಅಂಗೈ ಇನ್ನೂ ಚೀಲದ ಮೇಲೇ ಇತ್ತು. ಅದರ ಕೆಳಗೆ ಅವನ ತೊಡೆ, ತೊಡೆಯೊಳಗೆ ಮಂಡಿಯತನಕ ಇಳಿಯುವ ದೊಡ್ಡ ರಕ್ತನಾಳ. ಆಸ್ಪತ್ರೆ ಎಪ್ಪತ್ತು ಮೈಲಿ.

ವೆಂಡಲ್ ರಿವಾಲ್ವರಿನಿಂದ ಕೈ ತೆಗೆದ. ಆಮೇಲೆ ಬತ್ತಿದ ದನಿಯಲ್ಲಿ, “ಕ್ಲಾಯ್ಡ್, ನನ್ನ ಹೆಸರು ಹೊಡೆದು ಹಾಕು. ಮೇಜಿನ ಹತ್ರ ಗುಂಡು ಹಾರಿಸಿದೋನು ಪಂದ್ಯದಿಂದ ಹೊರಗೆ, ಆ ನಿಯಮ ನಾನೇ ಬರೆದದ್ದು,” ಎಂದ. ಬೆಲ್ಟನ್ನು ಬಿಚ್ಚಲು ಅವನ ಬೆರಳು ಬರಲಿಲ್ಲ. ಅವಳೇ ಬಿಚ್ಚಿದಳು.

ಮನೆಗೆ ಹೋಗುವಾಗ ಟ್ರಕ್ಕನ್ನು ಅವಳೇ ಓಡಿಸಿದಳು. ಅವನು ಎಡತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಮೂರು ಮೈಲಿ ಆದ ಮೇಲೆ ಕೇಳಿದ:

“ಉರುಳೆ ಜಾರಿದ್ದು ಕಾಣಿಸ್ತಾ ನಿಂಗೆ?”

“ಇಲ್ಲ. ನಿನ್ನ ಹೆಬ್ಬೆರಳು ಅಡ್ಡ ಇತ್ತು. ಹೆದರಿಕೆ ಆಯ್ತು, ಅಷ್ಟೇ.”

ಅವನು ಕಿಟಕಿಯ ಆಚೆ ನೋಡಿದ. ಗೋಧಿಹೊಲಗಳ ಮೇಲೆ ದೂಳು ಏಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳತ್ತ ತಿರುಗಿದ.

“ಆರ್ಡಿ, ಬೆಳಗ್ಗೆ ಒಲೆ ಆರಿಸಿದ್ವಾ?”

“ಎರಡು ಸಲ ನೋಡಿದ್ದೀನಿ,” ಎಂದಳು ಆರ್ಡಿತ್, ಮತ್ತು ಆಗ ಅವಳಿಗೆ ಅಳು ಬಂತು.